ಹಿಂದಿನಿಂದ ಓದುವ ಕುಪ್ಪಣ್ಣನ ಸಿಟ್ಟು

ಹೊನ್ನಾವರದ ಕುಪ್ಪ ಅಂಬಿಗ ಕಾದಂಬರಿಗಳನ್ನು ಹಿಂದಿನಿಂದ ಓದುತ್ತಾನೆ. ಕೊನೆಯ ಅಧ್ಯಾಯ ಮೊದಲು, ಆಮೇಲೆ ಅದರ ಹಿಂದಿನದು, ಹೀಗೆ ಹಿಮ್ಮೆಟ್ಟುತ್ತ ಬಂದು ಮೊದಲ ಅಧ್ಯಾಯ ಮುಗಿಸಿ ಪುಸ್ತಕ ಮುಚ್ಚುತ್ತಾನೆ. ಈ ಪರಾಕ್ರಮದ ಕೀರ್ತಿ ದಕ್ಷಿಣಕ್ಕೆ ಭಟ್ಕಳದವರೆಗೂ ಉತ್ತರಕ್ಕೆ ಕುಮಟಾದವರೆಗೂ ಹಬ್ಬಿದೆ. ಅಂಕೋಲೆಯವರು ಮಾತ್ರ ನಂಬುವುದಿಲ್ಲ. ಅವರು ಯಾವುದನ್ನೂ ನಂಬುವುದಿಲ್ಲ.

ಕಾರಣದ ಬಗ್ಗೆ ಪಂಡಿತರಲ್ಲಿ ಒಮ್ಮತವಿಲ್ಲ. ಹೆಬಳೆಯ ಕಡೆಯವರು, ಕುಪ್ಪಣ್ಣ ಕಾಲು ಮುಂದಾಗಿ ಹುಟ್ಟಿದವ, ಅವನು ಒದ್ದರೆ ಉಳುಕಿದ ಸೊಂಟವೂ ನೆಟ್ಟಗಾಗುತ್ತದೆ, ಅಂಥವನು ಪುಸ್ತಕ ಹಿಂದಿನಿಂದ ಓದಿದರೆ ಆಶ್ಚರ್ಯವೇನು ಎನ್ನುತ್ತಾರೆ. ಕುಮಟಾದ ಒಬ್ಬ ನಿವೃತ್ತ ಮಾಸ್ತರರು ಇದು ಕಾಲವನ್ನು ಗೆಲ್ಲುವ ಯೋಗ ಎಂದು ಸಭೆಯಲ್ಲಿಯೇ ಸಾರಿದ್ದಾರೆ. ಭಟ್ಕಳದ ಮೀನು ವ್ಯಾಪಾರಿಗಳ ಒಡನಾಟದಿಂದ ಬಂದ ಚಟ ಎಂಬ ವಾದವೂ ಇದೆ: ಅವರ ಉರ್ದು ಪುಸ್ತಕಗಳು ನಮ್ಮ ಲೆಕ್ಕದಲ್ಲಿ ಹಿಂದಿನಿಂದಲೇ ಶುರುವಾಗುತ್ತವಲ್ಲ.

ನಿಜ ಇಷ್ಟೇ. ಕುಪ್ಪಣ್ಣ ನಲವತ್ತು ವರ್ಷದಿಂದ ಮೀನು ಧಕ್ಕೆಯಲ್ಲಿ ಹರಾಜು ಕೂಗುವವನು. ಧಕ್ಕೆಗೆ ಬರುವ ಬುಟ್ಟಿಯ ಮೇಲೆ ಹೊಳೆಯುವ ಬಂಗಡೆ ಇರುತ್ತದೆ, ತಳದಲ್ಲಿ ನಿನ್ನೆಯದು, ಹೊಟ್ಟೆ ಒಡೆದದ್ದು. ಆದ್ದರಿಂದ ಅವನು ಮೊದಲು ಕೈಯನ್ನು ಮೊಣಕೈವರೆಗೆ ಇಳಿಸಿ ತಳದ ಮೀನು ಮೇಲೆತ್ತಿ ಎಲ್ಲರಿಗೂ ತೋರಿಸಿ ಆಮೇಲೆ ಬಾಯಿ ತೆರೆಯುತ್ತಾನೆ. ಪುಸ್ತಕಕ್ಕೂ ಅದೇ ಕಾಯಿದೆ. "ಮೇಲೆ ಎಲ್ಲಾರೂ ಚಂದವೇ ಇಡ್ತ್ರು. ತಳ ಹೆಂಗಿತ್ತು ನೋಡ್ಬೇಕು" ಎನ್ನುತ್ತಾನೆ. ತಳ ನೋಡಿ ಸುಮ್ಮನಿರುವವನೂ ಅಲ್ಲ. ಕಳೆದ ವರ್ಷ ಒಂದು ಪತ್ತೇದಾರಿ ಕಾದಂಬರಿಯ ಕೊಲೆಗಾರ ಯಾರೆಂದು ಹರಾಜಿನ ನಡುವೆ ಕೂಗಿಬಿಟ್ಟ. ಆ ಪುಸ್ತಕಕ್ಕೆ ಕಾಯುತ್ತಿದ್ದ ಒಂಬತ್ತು ಮಂದಿ ಲೈಬ್ರರಿಗೆ ಹೋಗಿ ಲಿಖಿತ ದೂರು ಕೊಟ್ಟರು.

ಅವನ ಎರಡನೆಯ ಕೀರ್ತಿ ಸಿಟ್ಟಿನದು. ಬೆಳಿಗ್ಗೆ ಆರಕ್ಕೆ ಸಿಟ್ಟಾದರೆ ಮಧ್ಯಾಹ್ನದ ಗಂಜಿಯ ಹೊತ್ತಿಗೆ ಸ್ವಲ್ಪ ಇಳಿಯುತ್ತದೆ, ಗಂಜಿಗೆ ಉಪ್ಪು ಕಮ್ಮಿಯಾದರೆ ಮತ್ತೆ ಏರುತ್ತದೆ. ಆದರೆ ಇವೆಲ್ಲ ಬಿಡಿ ಸಿಟ್ಟುಗಳು. ಅವನ ಹತ್ತಿರ ಒಂದು ಇಡಿಗಂಟಿನ ಸಿಟ್ಟಿತ್ತು, ಇಪ್ಪತ್ತೇಳು ವರ್ಷದ್ದು, ಅದರ ಹೆಸರು ರಾಜೀವ.

ರಾಜೀವ ಅಂಬಿಗ ಕುಪ್ಪಣ್ಣನ ಓಣಿಯಲ್ಲೇ ಹುಟ್ಟಿದವನು. ಒಂದೇ ದೋಣಿಯಲ್ಲಿ ಹುಟ್ಟು ಹಾಕಿ ಬೆಳೆದವರು. ಅವನು ಮೆಟ್ರಿಕ್, ಇವನು ನಾಲ್ಕನೇ ಇಯತ್ತೆ. ಇಬ್ಬರಿಗೂ ಮೂವತ್ತು ದಾಟುವ ಹೊತ್ತಿಗೆ ಒಂದು ಹುಚ್ಚು ಹಿಡಿಯಿತು: ತಲೆ ಮೇಲೆ ಬುಟ್ಟಿ ಹೊತ್ತು ಊರೂರು ತಿರುಗಿ ಮೀನು ಮಾರುವ ಹೆಂಗಸರಿಗೆ ಐಸು ಕೊಡುವವರಿಲ್ಲ, ಐಸು ದಲ್ಲಾಳಿಗಳ ಕೈಯಲ್ಲಿದೆ, ನಾವೇ ಒಂದು ಐಸ್ ಮನೆ ಕಟ್ಟೋಣ. ಸಂಘ ಮಾಡಿದರು. ಹೊಳೆದಂಡೆಯ ಖಾಲಿ ಸರ್ಕಾರಿ ಜಾಗದಲ್ಲಿ ತಾವೇ ಕಲ್ಲು ಹೊತ್ತು ಗೋಡೆ ಎಬ್ಬಿಸಿದರು. ಅಟ್ಟದ ಮೇಲೆ ಒಂದು ಓದುವ ಕೋಣೆ. ಸಂಜೆ ರಾಜೀವ ಗಟ್ಟಿಯಾಗಿ ಕಾದಂಬರಿ ಓದುತ್ತಿದ್ದ, ಬಲೆ ಹೆಣೆಯುತ್ತ ಇಪ್ಪತ್ತು ಮಂದಿ ಕೇಳುತ್ತಿದ್ದರು. ಮೊದಲ ದಿನವೇ ಕುಪ್ಪಣ್ಣ, "ಕೊನೇದು ಮೊದ್ಲು ಓದೋ" ಎಂದು ಜಗಳ ತೆಗೆದಿದ್ದ. ಜಗಳದಲ್ಲಿ ರಾಜೀವನೇ ಗೆದ್ದ. ಆ ಕೋಣೆಯಲ್ಲಿ ಪುಸ್ತಕಗಳು ಮುಂದಿನಿಂದಲೇ ಶುರುವಾದವು.

ಜಾಗ ಸಂಘದ ಹೆಸರಿಗೆ ಆಗಬೇಕಿತ್ತು. ಅಧ್ಯಕ್ಷೆ ಗಣಪಿಯ ಹೆಬ್ಬೆಟ್ಟು ಬಿದ್ದ ಕಾಗದ ಒಂದು ಗೊತ್ತಾದ ದಿನ ಸಂಜೆ ಐದರೊಳಗೆ ಕಚೇರಿಗೆ ಮುಟ್ಟಬೇಕು, ಇಲ್ಲದಿದ್ದರೆ ಅದೇ ಜಾಗಕ್ಕೆ ಅರ್ಜಿ ಹಾಕಿದ್ದ ಇನ್ನೊಬ್ಬನಿಗೆ. ಗಣಪಿ ಹಿರೇಗುತ್ತಿಯ ತವರಿಗೆ ಹೋಗಿದ್ದಳು. ಯಾರು ಹೋಗುವುದು? ಹಿಡಿಕಡ್ಡಿ ಮುರಿದು ಚೀಟಿ ಎತ್ತಿದಂತೆ ಎತ್ತಿದರು. ಗಿಡ್ಡ ಕಡ್ಡಿ ರಾಜೀವನಿಗೆ ಬಂತು. ಬೆಳಿಗ್ಗೆ ಹೋದವನು ಸಂಜೆ ಐದಕ್ಕೆ ಬರಲಿಲ್ಲ. ಆರಕ್ಕೂ ಬರಲಿಲ್ಲ. ಜಾಗ ಹೋಯಿತು. ಮರುದಿನ ಧಕ್ಕೆಯಲ್ಲಿ ಅವನು ಕಂಡಾಗ ಕುಪ್ಪಣ್ಣ, "ಎಷ್ಟಕ್ಕೆ ಮಾರ್ಕಂಡ್ಯೋ ಕಳ್ಳಾ" ಎಂದು ಹರಾಜಿನ ಸ್ವರದಲ್ಲಿ ಕೂಗಿದ. ರಾಜೀವ ಬಾಯಿ ಬಿಡಲಿಲ್ಲ. ತಿಂಗಳೊಳಗೆ ಜಾಗ ಹಿಡಿದವನ ಕೈಕೆಳಗೆ ಚಾಕರಿಗೂ ಸೇರಿದ. ಇನ್ನೇನು ಸಾಕ್ಷಿ ಬೇಕು?

ಇಲ್ಲಿಂದ ಮುಂದಿನದು ಇತಿಹಾಸದಲ್ಲಿ ಬರೆದಿಡಬೇಕಾದ ಸಾಹಸ. ರಾಜೀವ ಆ ಚಾಕರಿಯನ್ನು ವರ್ಷದಲ್ಲಿ ಬಿಟ್ಟು ಕುಮಟಾದಲ್ಲಿ ಮನೆ ಮಾಡಿ ಮೀನು ಖರೀದಿಗೆ ಇಳಿದ. ಅಂದರೆ ದಿನಾ ಬೆಳಿಗ್ಗೆ ಕುಪ್ಪಣ್ಣನ ಹರಾಜಿಗೇ ಬಂದು ನಿಲ್ಲಬೇಕು. ಮಾತಿಲ್ಲ, ಹೆಸರು ಹೇಳುವಂತಿಲ್ಲ, ಆದರೆ ಬಂದ ಬೆಲೆಯನ್ನು ಕೂಗದೆ ಬಿಡುವುದು ಧಕ್ಕೆಯ ಧರ್ಮವಲ್ಲ. ರಾಜೀವ ಮಳೆ ಬಿಸಿಲೆನ್ನದೆ ಒಂದು ಕಪ್ಪು ಕೊಡೆ ಹಿಡಿದಿರುತ್ತಿದ್ದ. ಕುಪ್ಪಣ್ಣ ದಾರಿ ಕಂಡುಕೊಂಡ. "ತಾರ್ಲೆ ಬುಟ್ಟಿ ಏಳುನೂರು! ಕೊಡೆ ಎಂಟುನೂರು! ಕೊಡೆಗೆ ಒಂದು ಸಲ, ಕೊಡೆಗೆ ಎರಡು ಸಲ!" ಇಪ್ಪತ್ತಾರು ವರ್ಷ ಅವನು ಮೀನು ಮಾರಿದ್ದು ಕೊಡೆಗೆ. ಹೊಸಬರು ಕೊಡೆ ಎಂಬುದು ರಾಜೀವನ ಅಡ್ಡಹೆಸರೆಂದೇ ತಿಳಿದಿದ್ದರು.

ಈ ಮೇ ತಿಂಗಳಲ್ಲಿ ಎರಡು ಸಂಗತಿ ನಡೆದವು. ಒಂದು, ಮಂಡಿನೋವಿನ ರಾಜೀವ ಈ ಹಂಗಾಮಿಗೇ ವ್ಯಾಪಾರ ನಿಲ್ಲಿಸುತ್ತಾನೆಂಬ ಸುದ್ದಿ ಬಂತು. ಜೂನ್ ಒಂದಕ್ಕೆ ಮಳೆಗಾಲದ ಮೀನುಗಾರಿಕೆ ಬಂದ್, ಆಮೇಲೆ ಅವನು ಹೊನ್ನಾವರದ ಧಕ್ಕೆಗೆ ಬರುವವನಲ್ಲ. ಕುಪ್ಪಣ್ಣ ಆ ಸುದ್ದಿ ಕೇಳಿ, "ಬರ್ದಿದ್ರೆ ಬೇಡ, ಜಾಗ ಖಾಲಿ ಆತು" ಎಂದ. ಆದರೆ ಅಂದು ಮಧ್ಯಾಹ್ನ ಅರ್ಧ ಗಂಜಿ ಹಾಗೇ ಬಿಟ್ಟು ಎದ್ದದ್ದನ್ನು ಹೆಂಡತಿ ಕಮಲಿ ನೋಡಿದಳು. ಆ ದಿನ ಎಲ್ಲಿ ಹೋಗಿದ್ದ, ಯಾಕೆ ಬರಲಿಲ್ಲ ಎಂಬುದನ್ನು ಕೇಳದೆ ಸಾಯಬೇಕಾಗುತ್ತದಲ್ಲ ಎಂಬ ಚಿಂತೆ ಅವನಿಗೆ ಹತ್ತಿತ್ತು. ಬಾಯಿ ಬಿಟ್ಟು ಕೇಳಿದರೆ ಇಪ್ಪತ್ತೇಳು ವರ್ಷದ ಸಿಟ್ಟಿನ ಮರ್ಯಾದೆ ಏನಾಗಬೇಕು?

ಎರಡನೆಯ ಸಂಗತಿ, ಲೈಬ್ರರಿಯ ಸುಚಿತಾ ಅವನ ಕೈಗೆ 'ಎಡದಂಡೆಯ ಗೆಳೆಯರು' ಎಂಬ ಕಾದಂಬರಿ ಇಟ್ಟಳು. ಸುಚಿತಾ ಭಟ್ಕಳದವಳು, ಮೂವತ್ತೈದರ ಒಳಗಿನವಳು, ತಿಂಗಳ ಕೊನೆಯ ಭಾನುವಾರ ಓದುಗರ ಬಳಗ ಸೇರಿಸಿ ಒಂದೊಂದು ಪುಸ್ತಕದ ಬಗ್ಗೆ ಮಾತಾಡಿಸುವವಳು. ಪುಸ್ತಕ ಕೊಡುವವರೆಲ್ಲ ಕುಪ್ಪಣ್ಣನಿಗೆ ಅಕ್ಕೋರು. "ಈ ಸಲ ನೀವು ಮಾತಾಡ್ಬೇಕು ಕುಪ್ಪಣ್ಣ" ಎಂದಳು. "ನಾನಾ? ನಂದು ಮಾತಲ್ಲ ಅಕ್ಕೋರೆ, ಕೂಗು" ಎಂದ. "ಕೂಗಿ" ಎಂದಳು.

ಮನೆಗೆ ತಂದು ಪದ್ಧತಿಯಂತೆ ಕೊನೆಯ ಅಧ್ಯಾಯ ತೆರೆದ. ಒಬ್ಬ ದೋಣಿಯವ, ಒಬ್ಬ ಮಾಸ್ತರ, ಹಳೆಯ ಗೆಳೆಯರು. ದೋಣಿ ಹುಟ್ಟು ಹಾಕುವವರದೇ ಆಗಬೇಕೆಂದು ಇಬ್ಬರೂ ಒಂದು ಕಾಲದಲ್ಲಿ ಕನಸು ಕಂಡವರು. ಮುದುಕರಾದ ಮೇಲೆ ಮಾಸ್ತರ ಹೊಳೆ ದಾಟಲು ಅದೇ ದೋಣಿಗೆ ಹತ್ತುತ್ತಾನೆ. ಅರ್ಧ ತಾಸು. ಇಬ್ಬರೂ ಮಾತಾಡುವುದಿಲ್ಲ. ಆಚೆ ದಡ ಬರುತ್ತದೆ, ಮಾಸ್ತರ ಇಳಿಯುತ್ತಾನೆ, ಕಾದಂಬರಿ ಮುಗಿಯುತ್ತದೆ.

"ಬಾಯಿಗೆ ಎಂತ ಆಗಿತ್ರೋ ನಿಮ್ಗೆ!"

ಹಿತ್ತಲಲ್ಲಿ ಶೆಟ್ಲಿ, ಅಂದರೆ ಸಿಗಡಿ, ಸುಲಿಯುತ್ತಿದ್ದ ಕಮಲಿ ಓಡಿ ಬಂದಳು. "ಹೋಯ್, ಯಾರ ಹತ್ರ ಜಗಳ? ಮನೇಲಿ ನಾನೊಬ್ಳೇ ಇದ್ದೆ."

"ನಿನ್ನ ಹತ್ರ ಅಲ್ಲ, ಈ ಬರ್ದವನ ಹತ್ರ. ಇಬ್ರು ಗೆಳೆಯರು, ಒಂದೇ ದೋಣಿ, ಒಂದು ಮಾತಿಲ್ಲ! ಬಾಯಲ್ಲಿ ತಾರ್ಲೆ ತುಂಬ್ಕಂಡಿದ್ರಾ?"

ಕಮಲಿ ಶೆಟ್ಲಿಯ ಕೈಯನ್ನು ಸೊಂಟಕ್ಕಿಟ್ಟುಕೊಂಡಳು. "ನೀವು ದಿನಾ ಬೆಳಿಗ್ಗೆ ಕೊಡೆ ಕೊಡೆ ಅಂಬುವಾಗ ಎಂತ ತುಂಬ್ಕಂಡಿರ್ತ್ರಿ?"

ಕುಪ್ಪಣ್ಣ ಪುಸ್ತಕ ಹಿಡಿದು ಜಗಲಿಗೆ ಹೋದ.

ಒಳ್ಳೆಯ ಕಾದಂಬರಿಯ ಕೇಡೆಂದರೆ ಅದನ್ನು ಬೈಯಲಿಕ್ಕಾದರೂ ಪೂರ್ತಿ ಓದಬೇಕಾಗುತ್ತದೆ. ಕುಪ್ಪಣ್ಣ ಹಿಂದೆ ಹಿಂದೆ ಸರಿದ. ಹದಿನೆಂಟನೆಯ ಅಧ್ಯಾಯದಿಂದ ಹದಿಮೂರರವರೆಗೆ ಮಾಸ್ತರನನ್ನು ದ್ರೋಹಿ ಎಂದು ಬೈದ, ಏಕೆಂದರೆ ದೋಣಿಗಳು ಯಾರದಾಗಬೇಕೆಂದು ಮತ ಹಾಕುವ ದಿನ ಅವನು ಬಾರದ್ದರಿಂದಲೇ ದೋಣಿಯವರ ಸಂಘ ಮುರಿದಿತ್ತು. ಹನ್ನೆರಡನೆಯ ಅಧ್ಯಾಯಕ್ಕೆ ಬಂದ. ಬಸ್ಸಿನಲ್ಲಿ ಬರುತ್ತಿದ್ದ ಮಾಸ್ತರ ಒಬ್ಬ ಮುದುಕಿಯ ಕೋಳಿಬುಟ್ಟಿ ಕಿಟಕಿಯಿಂದ ಬಿತ್ತೆಂದು ಇಳಿಯುತ್ತಾನೆ. ಕೋಳಿಗಳು ಗದ್ದೆಗೆ ಓಡುತ್ತವೆ, ಮಾಸ್ತರ ಕೋಳಿಯ ಹಿಂದೆ, ಬಸ್ಸು ತನ್ನ ದಾರಿಗೆ. ಅಷ್ಟೇ. ದ್ರೋಹವೂ ಇಲ್ಲ, ಮಣ್ಣೂ ಇಲ್ಲ. ನಾಲ್ಕು ಕೋಳಿ.

ಕುಪ್ಪಣ್ಣ ಪುಸ್ತಕವನ್ನು ಚಾಪೆಯ ಮೇಲೆ ಒಗೆದ. ಆರು ಅಧ್ಯಾಯ ಬೈದದ್ದೆಲ್ಲ ದಂಡ. ಮತ್ತೆ ಎತ್ತಿಕೊಂಡ. ಇನ್ನೂ ಹಿಂದೆ ಹೋದರೆ ಆ ಹಾಳಾದ ಕಾದಂಬರಿಕಾರ ಇಬ್ಬರ ಹರೆಯವನ್ನು ಎಷ್ಟು ಚಂದ ಬರೆದಿದ್ದನೆಂದರೆ, ಬಿಸಿ ಚಾದ ಗ್ಲಾಸನ್ನು ಗೆಳೆಯನಿಗೆ ಕೊಡುವಾಗ ಮಾಸ್ತರ ತಾನು ಸುಡುವ ತಳ ಹಿಡಿದು ಅವನಿಗೆ ಅಂಚು ಕೊಡುತ್ತಾನೆ. ಇಂಥದನ್ನು ಬಲ್ಲವನು ಕೊನೆಯಲ್ಲಿ ಅವರಿಬ್ಬರಿಗೆ ಒಂದು ಮಾತು ಕೊಡಬಾರದಿತ್ತೇ? ಮುಂದಿನಿಂದ ಓದುವವರಿಗೆ ಗೆಳೆತನ ಕಳೆದುಹೋಗುವ ದುಃಖ ಮಾತ್ರ. ಹಿಂದಿನಿಂದ ಓದಿದ ಕುಪ್ಪಣ್ಣನಿಗೆ ಪುಟ ಪುಟಕ್ಕೂ ಅದು ಮರಳಿ ಬಂತು, ಮೊದಲ ಅಧ್ಯಾಯದಲ್ಲಿ ಇಬ್ಬರು ಹುಡುಗರೂ ನಗುತ್ತ ನೀರಿಗೆ ಹಾರಿದರು, ಪುಸ್ತಕ ಅಲ್ಲಿಗೆ ಮುಗಿಯಿತು. ಅದರಷ್ಟು ಸಿಟ್ಟು ಬರಿಸುವ ಮುಕ್ತಾಯ ಬೇರೆ ಇಲ್ಲ.

ಮೇ ಕೊನೆಯ ಭಾನುವಾರ ಮಧ್ಯಾಹ್ನ ಬಳಗ ಸೇರಿತು. ಇಪ್ಪತ್ತು ಪ್ಲಾಸ್ಟಿಕ್ ಕುರ್ಚಿ, ಒಂದು ಫ್ಯಾನು. ಹಿಂದಿನಿಂದ ಓದುವುದನ್ನು ಯೋಗ ಎಂದಿದ್ದ ಆ ಕುಮಟಾದ ಮಾಸ್ತರರು ಮೊದಲು ಎದ್ದು ಮುಕ್ಕಾಲು ತಾಸು ಮಾತಾಡಿದರು. ಕಾದಂಬರಿಯಲ್ಲಿ ಮಾನವೀಯ ಮೌಲ್ಯಗಳಿವೆ ಎಂದರು, ಆಕಸ್ಮಿಕವು ವಿಧಿಯ ಕೈವಾಡ ಎಂದರು, ಕೊನೆಯ ಮೌನ ಮಾತಿಗಿಂತ ದೊಡ್ಡದು ಎಂದರು. ಅದೊಂದು ಅನ್ನಬಾರದಿತ್ತು. ಕುಪ್ಪಣ್ಣ ಯಾರೂ ಕರೆಯುವ ಮೊದಲೇ ಎದ್ದು ನಿಂತ.

"ಎಂತ ದೊಡ್ದು ಅದು? ಮೌನ ದೊಡ್ದಂತೆ! ಬುಟ್ಟಿ ತುಂಬ ಮೀನಿಟ್ಕಂಡು ನಾನು ಮೌನ ಮಾಡಿದ್ರೆ ಯಾರಿಗೆ ಸೇರ್ತದೆ? ಬೆಕ್ಕಿಗೆ. ಈ ಪುಸ್ತಕ ಬರ್ದವ ಚಂದ ಬರ್ದ, ನಾ ಇಲ್ಲ ಅನ್ನೂದಿಲ್ಲ. ಆದ್ರೆ ನಂಗೆ ಸಿಟ್ಟು ಬಂದಿತ್ತು. ಮುನ್ನೂರು ಪುಟ! ಅದರಲ್ಲಿ ಒಂದೇ ಒಂದು ಕಡೆ ಆ ದೋಣಿಯವ, ಯಾಕೋ ಬರ್ಲಿಲ್ಲ ನೀನು, ಅಂತ ಕೇಳಿದ್ರೆ ಪುಸ್ತಕ ಅಲ್ಲೇ ಮುಗೀತಿತ್ತು. ಕೇಳೂದಿಲ್ಲ! ಕೋಳಿ ಹಿಡಿಯೂಕೆ ಹೋದವನನ್ನ ದ್ರೋಹಿ ಅಂದ್ಕಂಡು ಮುದುಕ ಆಗ್ತ. ಕೆಲಸ ಇಲ್ಲ ಅವನಿಗೆ? ಸಂಘ ಹೋತು, ದೋಣಿ ಹೋತು, ಅದ್ರ ಬಗ್ಗೆ ಸಿಟ್ಟಿಲ್ಲ. ಗೆಳೆಯನ ಮೇಲೆ ಸಿಟ್ಟು. ಇಂಥ ಹೆಡ್ಡ ಈ ಭೂಮಿ ಮೇಲೆ ಇದ್ದಾನಾ ಅಂತ ನಾ ಕೇಳ್ತೆ!"

"ಇದ್ದಾನೆ" ಎಂದಿತು ಹಿಂದಿನ ಸಾಲಿನಿಂದ ಒಂದು ಸ್ವರ.

ರಾಜೀವ ಎದ್ದು ನಿಂತಿದ್ದ. ಕೊಡೆ ಊರಿಕೊಂಡಿದ್ದ. ಅವನೂ ಸುಚಿತಾಳಿಂದ ಪುಸ್ತಕದ ಇನ್ನೊಂದು ಪ್ರತಿ ಒಯ್ದು ಓದಿದವನು, ಮುಂದಿನಿಂದ. "ಅವ ಕೇಳ್ಲಿಲ್ಲ ಅಂದ್ಯಲ್ಲ ಕುಪ್ಪ. ನೀ ಕೇಳಿದ್ಯಾ?"

ಕುಪ್ಪಣ್ಣನ ಕುತ್ತಿಗೆಯ ನರ ಉಬ್ಬಿತು. "ಕೊ..." ಎಂದು ರೂಢಿಯಂತೆ ಶುರು ಮಾಡಿ ನುಂಗಿಕೊಂಡ. "ಕೇಳ್ತೆ. ಈಗ ಕೇಳ್ತೆ. ಆ ದಿನ ಎಲ್ಲಿ ಸತ್ತಿದ್ಯೋ?"

"ಅಘನಾಶಿನಿ ಹೊಳೆಯ ಕೆಸರಲ್ಲಿ."

"ಎಂತ?"

"ಹಿರೇಗುತ್ತಿಯಲ್ಲಿ ಗಣಪಕ್ಕನ ಹೆಬ್ಬೆಟ್ಟು ಹಾಕಿಸ್ಕಂಡು ಹೊರಟೆ. ಬಸ್ಸು ಕೆಟ್ಟು ನಿಂತಿತ್ತು. ದೋಣಿ ತಕಂಡ್ರೆ ಬೇಗ ಆಗ್ತದೆ ಅಂತ ಒಬ್ಬರ ದೋಣಿ ಕೇಳಿ ತಕಂಡೆ. ನಡು ಹೊಳೆಗೆ ಬಂದೆ. ನೀರು ಹೋತು. ಬಳಚಿನ ಚಿಪ್ಪಿನ ರಾಶಿ ಮೇಲೆ ದೋಣಿ ಕೂತ್ಬಿಡ್ತು. ಇಳಿದ್ರೆ ಸೊಂಟದವರೆಗೆ ಕೆಸರು. ಐದು ತಾಸು ಕಾಗದ ತಲೆ ಮೇಲೆ ಇಟ್ಕಂಡು ಕೂತಿದ್ದೆ."

"ನೀರು ಹೋತು ಅಂದ್ರೆ? ಆ ದಿನ ಎಂತ ಇತ್ತು?"

ರಾಜೀವ ಕೊಡೆಯ ಹಿಡಿ ನೋಡಿದ. "ಅಮಾಸೆ."

ಘಟ್ಟದ ಮೇಲಿನವರಿಗೆ ಇದರ ಘೋರ ತಿಳಿಯಲಿಕ್ಕಿಲ್ಲ. ಅಮಾವಾಸ್ಯೆಯ ಇಳಿತದಲ್ಲಿ ಅಳಿವೆಯ ನೀರು ತಳ ಕಾಣುವಷ್ಟು ಇಳಿಯುತ್ತದೆ. ಇದು ಅಂಬಿಗರ ಮನೆಯಲ್ಲಿ ಮಕ್ಕಳು ಮಾತು ಕಲಿಯುವ ಮೊದಲು ಕಲಿಯುವ ಸಂಗತಿ. ಕುಪ್ಪಣ್ಣ ಸ್ಫೋಟಿಸಿದ.

"ಅಮಾಸೆ ದಿನ! ಇಳಿತದ ಹೊತ್ತಿಗೆ! ಹೊಳೆಗೆ ದೋಣಿ ಹಾಕ್ದೆ? ನೀನು ಅಂಬಿಗನೋ ಅರಬೈಲ್ ಘಟ್ಟದ ಲಾರಿ ಡ್ರೈವರನೋ?"

"ಅದಕ್ಕೇ ಹೇಳ್ಲಿಲ್ಲ" ಎಂದ ರಾಜೀವ. "ಮರುದಿನ ಹೇಳೂಕೇ ಬಂದಿದ್ದೆ. ಧಕ್ಕೆ ತುಂಬ ನಮ್ಮವರೇ ನಿಂತಿದ್ರು. ನೀ ಕಳ್ಳ ಅಂದೆ. ಕಳ್ಳ ಅಂದ್ರೆ ಅನ್ಲಿ ಅಂದ್ಕಂಡೆ. ಇಳಿತ ಗೊತ್ತಿಲ್ದ ಅಂಬಿಗ ಅನ್ನಿಸ್ಕಳ್ಳೂಕೆ ನನ್ನ ಹತ್ರ ಆಗ್ಲಿಲ್ಲ."

"ಮತ್ತೆ ಅವನ ಹತ್ರ ಚಾಕರಿಗೆ ಹೋದದ್ದು?"

"ನಿನ್ನ ಸ್ವರ ಎಂತ ಕಮ್ಮಿಯಾ? ನೀ ಕೂಗಿದ್ದು ಮಂಕಿವರೆಗೂ ಕೇಳಿತ್ತು. ಕಳ್ಳನಿಗೆ ದೋಣಿ ಮೇಲೆ ಯಾರು ಜಾಗ ಕೊಡ್ತ್ರು? ಕೊಟ್ಟವ ಅವನೊಬ್ನೇ. ಅವ ಕಳ್ಳ ಅಂತ ನಂಗೂ ಗೊತ್ತಿತ್ತು. ಅನ್ನ ಹಾಕ್ದ, ಉಂಡೆ. ವರ್ಷಕ್ಕೆ ಬಿಟ್ಟೆ."

ಕುಪ್ಪಣ್ಣ ಕುರ್ಚಿಯ ಬೆನ್ನು ಹಿಡಿದು ನಿಂತ. ಬಳಗದವರು ಕಣ್ಣೊರೆಸಲು ಕರವಸ್ತ್ರ ತೆಗೆದರು, ಅಪ್ಪಿಕೊಳ್ಳುತ್ತಾರೆಂದು. ಅವರಿಗೆ ಕುಪ್ಪಣ್ಣ ಗೊತ್ತಿಲ್ಲ. ಅವನು ಕಿಟಕಿಯ ಕಡೆ ತಿರುಗಿದ. ಕಿಟಕಿಯಿಂದ ಹೊಳೆದಂಡೆಯ ಲಾಡ್ಜು ಕಾಣುತ್ತದೆ.

ಆ ಲಾಡ್ಜಿನ ಹೆಸರು ನಾನು ಬರೆಯುವುದಿಲ್ಲ, ಪುಕ್ಕಟೆ ಜಾಹೀರಾತು ಆಗುತ್ತದೆ. ಅಂದು ಜಾಗ ಹಿಡಿದವನು ಕಟ್ಟಿಸಿದ್ದು, ಮೂರು ಮಹಡಿ. ಐಸ್ ಮನೆಗೆಂದು ಇಬ್ಬರು ಹೊತ್ತ ಕಲ್ಲು ಅದರ ಅಡಿಪಾಯದಲ್ಲಿದೆ. ಹೊರಗಿನ ಗೋಡೆಯ ಮೇಲೆ ಬಲೆ ಬೀಸುವ ಮೀನುಗಾರನ ದೊಡ್ಡ ಚಿತ್ರ, ಅವನು ನಗುತ್ತಿದ್ದಾನೆ, ಅವನಿಗೆ ಪೇಟ ಸುತ್ತಿದ್ದಾರೆ, ನಮ್ಮ ಕಡೆಯ ಯಾವ ಮೀನುಗಾರನೂ ಪೇಟ ಸುತ್ತಿದ್ದನ್ನು ನಾನು ಕಂಡಿಲ್ಲ. ಅದರ ಕಾಂಪೌಂಡಿನ ನೆರಳಲ್ಲಿ ಮೀನು ಮಾರುವ ಹೆಂಗಸರು ಬುಟ್ಟಿ ಇಳಿಸಿ ಕೂತರೆ ಕಾವಲುಗಾರ ಬಂದು ಏಳಿಸುತ್ತಾನೆ, ಒಳಗಿದ್ದವರಿಗೆ ವಾಸನೆ ಬರುತ್ತದೆಯಂತೆ. ಐಸು ಈಗಲೂ ದಲ್ಲಾಳಿಗಳ ಕೈಯಲ್ಲೇ ಇದೆ. ಇಷ್ಟು ವರ್ಷದಲ್ಲಿ ಆ ಲಾಡ್ಜಿನ ವಿರುದ್ಧ ಒಂದು ಅರ್ಜಿ ಹೋಗಲಿಲ್ಲ, ಒಂದು ಘೋಷಣೆ ಮೊಳಗಲಿಲ್ಲ. ಊರಲ್ಲಿ ಸಿಟ್ಟು ಇರಲಿಲ್ಲವೆಂದಲ್ಲ. ಇಡೀ ತಾಲೂಕಿಗೆ ಸಾಲುವಷ್ಟು ಸಿಟ್ಟು ಕುಪ್ಪಣ್ಣನೊಬ್ಬನ ಎದೆಯಲ್ಲೇ ಇತ್ತು. ಅವನು ಅದನ್ನೆಲ್ಲ ದಿನಾ ಬೆಳಿಗ್ಗೆ ಒಂದು ಕೊಡೆಯ ಮೇಲೆ ಸುರಿದು ಮುಗಿಸಿದ. ಗೋಡೆಯ ಮೇಲಿನ ಮೀನುಗಾರ ನಗದೆ ಇನ್ನೇನು ಮಾಡಬೇಕು?

"ಹೆಡ್ಡ" ಎಂದ ಕುಪ್ಪಣ್ಣ. ಯಾರಿಗೆಂದು ಯಾರೂ ಕೇಳಲಿಲ್ಲ.

"ಇಬ್ರೂ" ಎಂದ ರಾಜೀವ.

"ನೀ ಹೆಚ್ಚು. ಅಮಾಸೆ ದಿನ!"

"ನೀ ಹೆಚ್ಚು. ಒಂದು ಮಾತು ಕೇಳೂಕೆ ಇಷ್ಟು ವರ್ಷ!"

ಹಾಗೆ ಬೈದುಕೊಳ್ಳುತ್ತಲೇ ಇಬ್ಬರೂ ಬಾಗಿಲು ದಾಟಿ ಹೋದರು. ಯೋಗದ ಮಾಸ್ತರರು ತಮ್ಮ ಸಮಾರೋಪದ ಮಾತಿಗೆ ಕಾಗದ ಬಿಡಿಸಿಕೊಂಡಿದ್ದರು, ಕೇಳುವವರೆಲ್ಲ ಕಿಟಕಿಗೆ ಹೋಗಿದ್ದರು.

ಸಂಜೆ ಸುಚಿತಾ ಮನೆಗೆ ಹೊರಟು ಬಸ್ ಸ್ಟ್ಯಾಂಡಿಗೆ ಬಂದಾಗ ಅವರಿಬ್ಬರೂ ಸಿಮೆಂಟ್ ಬೆಂಚಿನ ಮೇಲೆ ಕೂತಿದ್ದರು. ಕುಪ್ಪಣ್ಣ ಕೈ ಬೀಸಿ ಬೀಸಿ ಹೇಳುತ್ತಿದ್ದ, ರಾಜೀವ ತಲೆ ಅಲ್ಲಾಡಿಸಿ ಅಲ್ಲ ಅಲ್ಲ ಎನ್ನುತ್ತಿದ್ದ, ನಡುವೆ ಶೇಂಗಾ ಸಿಪ್ಪೆಯ ರಾಶಿ. ಹತ್ತಿರ ಹೋಗಲು ಅವಳಿಗೆ ಧೈರ್ಯವಾಗಲಿಲ್ಲ. ಮನೆಗೆ ಬಂದು ಬಳಗದ ವರದಿ ಬರೆಯಲು ಕೂತಳು. ಸಾಹಿತ್ಯವು ಮುರಿದ ಮನಸ್ಸುಗಳನ್ನು ಬೆಸೆಯುತ್ತದೆ ಎಂಬುದಕ್ಕೆ ಈ ಭಾನುವಾರ ಹೊನ್ನಾವರ ಸಾಕ್ಷಿಯಾಯಿತು ಎಂದು ಶುರು ಮಾಡಿ, ಚೆಂದವಾಗಿ ಎರಡು ಪುಟ ಬರೆದಳು. ಒಂದೇ ಒಂದು ಕಡೆ ಜಾಗ ಖಾಲಿ ಬಿಟ್ಟಳು, ಕುಪ್ಪಣ್ಣನ ಬಾಯಿಂದಲೇ ಒಂದು ಮಾತು ಅಲ್ಲಿ ಬರಬೇಕೆಂದು.

ಜೂನ್ ಮೊದಲ ವಾರ, ದೋಣಿಗಳೆಲ್ಲ ದಡಕ್ಕೆ ಬಿದ್ದ ಮೇಲೆ, ಕುಪ್ಪಣ್ಣ ಪುಸ್ತಕ ಮರಳಿಸಲು ಬಂದ. ಸುಚಿತಾ ಪೆನ್ನು ಹಿಡಿದು ಸಿದ್ಧಳಾದಳು.

"ಕುಪ್ಪಣ್ಣ, ಇಪ್ಪತ್ತೇಳು ವರ್ಷ ಮಾತು ಬಿಟ್ಟವರು ಆ ದಿನ ಅಷ್ಟು ಹೊತ್ತು ಒಟ್ಟಿಗೆ ಕೂತಿದ್ರಲ್ಲ. ಈ ಕಾದಂಬರಿಯ ಯಾವ ಮಾತು ನಿಮ್ಮನ್ನ ಹಾಗೆ ಕೂರಿಸ್ತು?"

ಕುಪ್ಪಣ್ಣ ಪುಸ್ತಕವನ್ನು ಮೇಜಿನ ಮೇಲಿಟ್ಟ.

"ಮಾತು ಎಂತ ಇಲ್ಲ ಅಕ್ಕೋರೆ. ಕುಮಟಾ ಬಸ್ಸು ಎರಡು ತಾಸು ತಡ ಆತು."